ಗುರುತಿನ ಸಂಖ್ಯೆಯೂ ಅದರ ಗೋಪ್ಯವೂ

ಮನುಷ್ಯನಿಗೆ ಅವನ ಹೆಸರೇ ಮೊದಲನೆಯ ಗುರುತು. ಊರು ಚಿಕ್ಕದಾಗಿದ್ದ ಕಾಲದಲ್ಲಿ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ. ಹೆಸರಿನೊಡನೆ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಿ ಹೇಳಿದರೆ ಗೌಡರಿಗೂ ಕುಲಕರ್ಣಿಯವರಿಗೂ ಆಸಾಮಿ ಯಾರೆಂಬುದು ತಿಳಿದುಹೋಗುತ್ತಿತ್ತು. ಆದರೆ ಕೋಟಿಗಟ್ಟಲೆ ಜನರಿರುವ ದೇಶದಲ್ಲಿ ಹೆಸರೊಂದೇ ಸಾಲದು. ನಮ್ಮ ಗಡಿನಾಡಿನಲ್ಲಿಯಂತೂ ಒಂದೇ ಹೆಸರು ಶಾಲೆಯ ಪುಸ್ತಕದಲ್ಲಿ ಕನ್ನಡದಲ್ಲಿ ಸಿದ್ಧಪ್ಪನೆಂದೂ, ಕಚೇರಿಯ ಕಾಗದದಲ್ಲಿ ಮರಾಠಿಯಲ್ಲಿ ಶಿದ್ದಪ್ಪನೆಂದೂ, ಇಂಗ್ಲಿಷಿನಲ್ಲಿ ಮತ್ತೊಂದು ಬಗೆಯಾಗಿಯೂ ಇರುವುದುಂಟು. ಇಂತಹ ತೊಡಕುಗಳನ್ನು ನೀಗಲೆಂದೇ ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಸಂಖ್ಯೆಯನ್ನು ಕೊಡುವ ಪದ್ಧತಿ ಹುಟ್ಟಿತು. ಈ ಸಂಖ್ಯೆ ಯಾರದು, ಅದನ್ನು ಕೇಳುವ ಹಕ್ಕು ಯಾರಿಗುಂಟು, ಯಾರಿಗಿಲ್ಲ ಎಂಬ ವಿಷಯವನ್ನು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ನಮಗೆ ಪ್ರೇರಣೆಯಾದ ಒಂದು ಸಣ್ಣ ಸಂಗತಿಯನ್ನು ಮೊದಲು ಹೇಳುತ್ತೇವೆ. ಸಂಕ್ರಾಂತಿಯ ಜಾತ್ರೆಯೊಂದರಲ್ಲಿ ನಾವು ಹುರಿದ ಶೇಂಗಾ ಕೊಂಡೆವು. ತಿಂದು ಮುಗಿದ ಮೇಲೆ ಪೊಟ್ಟಣದ ಕಾಗದವನ್ನು ಬಿಡಿಸಿ ನೋಡಿದರೆ, ಅದು ಯಾರೋ ಒಬ್ಬ ವೃದ್ಧೆಯ ಆಧಾರ್ ಚೀಟಿಯ ನೆರಳಚ್ಚು ಪ್ರತಿ! ಮೇಲೆ ಆಕೆಯ ಭಾವಚಿತ್ರ, ನಡುವೆ ಹನ್ನೆರಡು ಅಂಕೆಗಳು, ಕೆಳಗೆ ಕೈಬರಹದಲ್ಲಿ ಬ್ಯಾಂಕಿನ ಖಾತೆಯ ಸಂಖ್ಯೆ, ಅದರ ಪಕ್ಕದಲ್ಲಿ ನೀಲಿ ಶಾಯಿಯ ಹೆಬ್ಬೆರಳಿನ ಗುರುತು. ಆ ತಾಯಿ ಯಾವುದೋ ಸಹಾಯಧನಕ್ಕೆಂದು ಎಲ್ಲಿಯೋ ಕೊಟ್ಟ ಕಾಗದ ಅದು. ರದ್ದಿಯ ಅಂಗಡಿಯನ್ನು ಹೊಕ್ಕು ಅದು ಜಾತ್ರೆಗೆ ಬಂದಿತ್ತು. ನಾವು ಅದನ್ನು ಮನೆಗೆ ತಂದು ಒಲೆಗೆ ಹಾಕಿದೆವು. ಆದರೆ ಅಂತಹ ಕಾಗದಗಳು ಇನ್ನೆಷ್ಟು ಇದ್ದಾವೋ, ಅವು ಯಾರ ಕೈ ಸೇರಿದವೋ ಎಂಬ ಯೋಚನೆ ಮಾತ್ರ ನಮ್ಮನ್ನು ಬಿಡಲಿಲ್ಲ.

ಆಧಾರ್ ಸಂಖ್ಯೆಯೆಂದರೇನು? 2009ನೆಯ ಇಸವಿಯ ಜನವರಿಯಲ್ಲಿ ಭಾರತ ಸರಕಾರವು ವಿಶಿಷ್ಟ ಗುರುತು ಪ್ರಾಧಿಕಾರವನ್ನು ಸ್ಥಾಪಿಸಿತು. 2010ನೆಯ ಇಸವಿಯ ಸೆಪ್ಟೆಂಬರ್ 29ರಂದು ನಮ್ಮ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ ಮೊದಲನೆಯ ಸಂಖ್ಯೆಗಳನ್ನು ವಿತರಿಸಲಾಯಿತು. 2016ನೆಯ ಇಸವಿಯ ಏಪ್ರಿಲ್ ತಿಂಗಳಿಗೆ ಅದು ನೂರು ಕೋಟಿ ಜನರನ್ನು ಮುಟ್ಟಿತು. ಈ ಸಂಖ್ಯೆಯಲ್ಲಿ ಹನ್ನೆರಡು ಅಂಕೆಗಳಿರುತ್ತವೆ. ಮೊದಲಿನ ಹನ್ನೊಂದು ಅಂಕೆಗಳು ಯಾವ ಅರ್ಥವೂ ಇಲ್ಲದೆ ಯಾದೃಚ್ಛಿಕವಾಗಿ ಬಂದವು. ಕಡೆಯ ಅಂಕೆಯು ಪರೀಕ್ಷೆಯ ಅಂಕೆ. ಬರೆಯುವಾಗ ಒಂದು ಅಂಕೆ ತಪ್ಪಿದರೆ ಅಥವಾ ಅಕ್ಕಪಕ್ಕದ ಎರಡು ಅಂಕೆಗಳು ಅದಲುಬದಲಾದರೆ, ಗಣಿತದ ಒಂದು ಯುಕ್ತಿಯಿಂದ ಆ ತಪ್ಪನ್ನು ಈ ಕಡೆಯ ಅಂಕೆ ಹಿಡಿದುಕೊಡುತ್ತದೆ. ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಅದರ ಒಡೆಯನ ಊರಾಗಲಿ ವಯಸ್ಸಾಗಲಿ ಜಾತಿಯಾಗಲಿ ತಿಳಿಯದು. ಹಾಗೆ ತಿಳಿಯಕೂಡದೆಂದೇ ಅದನ್ನು ಹೀಗೆ ಕಟ್ಟಿದ್ದಾರೆ.

2016ನೆಯ ಇಸವಿಯ ಆಧಾರ್ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಜನಾಂಗ, ಧರ್ಮ, ಜಾತಿ, ಬುಡಕಟ್ಟು, ಭಾಷೆ, ವರಮಾನ, ರೋಗದ ಇತಿಹಾಸ ಇವನ್ನು ನೋಂದಣಿಯ ವಿವರಗಳಲ್ಲಿ ಸೇರಿಸತಕ್ಕದ್ದಲ್ಲವೆಂದು ಅದು ಹೇಳುತ್ತದೆ. ಇಲ್ಲಿ ‘ಭಾಷೆ’ ಎಂಬ ಮಾತನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ನಾವು ಮನೆಯಲ್ಲಿ ಯಾವ ನುಡಿಯನ್ನಾಡುತ್ತೇವೆಂಬುದನ್ನು ಆ ಭಂಡಾರದಲ್ಲಿ ಬರೆದಿಡುವ ಅಧಿಕಾರ ಯಾರಿಗೂ ಇಲ್ಲ. ಹಾಗೆಯೇ ಈ ಸಂಖ್ಯೆಯು ಪೌರತ್ವಕ್ಕಾಗಲಿ ನಿವಾಸದ ಹಕ್ಕಿಗಾಗಲಿ ಸಾಕ್ಷಿಯಲ್ಲವೆಂಬುದನ್ನೂ ಅದೇ ಕಾನೂನು ಸ್ಪಷ್ಟವಾಗಿ ಹೇಳಿದೆ. ಇದು ಕೇವಲ ಗುರುತಿನ ಸಂಖ್ಯೆ.

ಕೇವಲ ಸಂಖ್ಯೆಯಾದ ಮೇಲೆ ಅದನ್ನು ಬಚ್ಚಿಡುವುದೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಅಮೇರಿಕ ದೇಶದ ಒಂದು ಕಥೆಯೇ ಉತ್ತರ. ಅಲ್ಲಿ 1936ನೆಯ ಇಸವಿಯಿಂದ ದುಡಿಯುವವರಿಗೆ ಸಾಮಾಜಿಕ ಭದ್ರತೆಯ ಸಂಖ್ಯೆಯನ್ನು ಕೊಡತೊಡಗಿದರು. 1938ರಲ್ಲಿ ನ್ಯೂಯಾರ್ಕ್ ಪ್ರಾಂತದ ತೊಗಲಿನ ಚೀಲಗಳ ಕಾರಖಾನೆಯೊಂದು ತನ್ನ ಹಣದ ಚೀಲಗಳಲ್ಲಿ ಆ ಚೀಟಿ ಎಷ್ಟು ಚೆನ್ನಾಗಿ ಕೂಡುತ್ತದೆಂದು ತೋರಿಸಲು ಒಂದೊಂದು ಮಾದರಿ ಚೀಟಿಯನ್ನು ಇಟ್ಟು ಮಾರಿತು. ಮಾದರಿಗೆಂದು ಅಚ್ಚು ಹಾಕಿಸಿದ್ದು ಆ ಕಾರಖಾನೆಯ ಕಾರ್ಯದರ್ಶಿನಿಯೊಬ್ಬಳ ನಿಜವಾದ ಸಂಖ್ಯೆಯನ್ನು! ಚೀಟಿಯ ಮೇಲೆ ಮಾದರಿಯೆಂದು ಕೆಂಪು ಅಕ್ಷರಗಳಲ್ಲಿ ಬರೆದಿದ್ದರೂ, ಕೊಂಡವರಲ್ಲಿ ಸಾವಿರಾರು ಮಂದಿ ಅದನ್ನು ತಮ್ಮದೆಂದೇ ಬಳಸತೊಡಗಿದರು. 1943ರಲ್ಲಿ 5755 ಜನ ಆ ಒಂದೇ ಸಂಖ್ಯೆಯನ್ನು ಹೇಳಿಕೊಳ್ಳುತ್ತಿದ್ದರು. ಕಡೆಗೆ ಸರಕಾರವು ಆ ಸಂಖ್ಯೆಯನ್ನು ರದ್ದುಮಾಡಿ ಆಕೆಗೆ ಹೊಸದನ್ನು ಕೊಡಬೇಕಾಯಿತು. ಆ ಜನರು ಮೋಸಗಾರರಲ್ಲ, ಅರಿಯದವರು. ಅರಿಯದವರಿಂದಲೇ ಇಷ್ಟು ಗೊಂದಲವಾದರೆ ಅರಿತು ಮೋಸಮಾಡುವವರಿಂದ ಎಷ್ಟಾಗಬೇಡ?

ಆಮೇಲೆ ಅದೇ ದೇಶವು 1974ನೆಯ ಇಸವಿಯಲ್ಲಿ ಒಂದು ಗೋಪ್ಯತೆಯ ಕಾನೂನನ್ನು ಮಾಡಿತು. ಯಾವುದೇ ಸರಕಾರಿ ಕಚೇರಿ ಈ ಸಂಖ್ಯೆಯನ್ನು ಕೇಳಿದರೆ ಮೂರು ಸಂಗತಿಗಳನ್ನು ತಿಳಿಸಬೇಕು: ಕೊಡುವುದು ಕಡ್ಡಾಯವೋ ಐಚ್ಛಿಕವೋ, ಯಾವ ಕಾನೂನಿನ ಬಲದಿಂದ ಕೇಳುತ್ತಿದ್ದೇವೆ, ಅದನ್ನು ಏತಕ್ಕೆ ಬಳಸುತ್ತೇವೆ. ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿಕೊಳ್ಳಬೇಕು. ದೇಶ ಯಾವುದಾದರೂ ಸರಿಯೆ, ಕೇಳುವವರು ಯಾರಾದರೂ ಸರಿಯೆ, ಇವು ಸರ್ವತ್ರ ಉಪಯೋಗಕ್ಕೆ ಬರುವ ಪ್ರಶ್ನೆಗಳು.

ಇನ್ನು ನಮ್ಮ ದೇಶದ ಮಾತು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೇ ಎಂಬ ವಿಷಯದಲ್ಲಿ ಬಹುಕಾಲ ಸಂದೇಹವಿತ್ತು. 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠವೂ, 1962ರಲ್ಲಿ ಆರು ನ್ಯಾಯಮೂರ್ತಿಗಳ ಪೀಠವೂ ಅಂತಹ ಹಕ್ಕು ಸಂವಿಧಾನದಲ್ಲಿಲ್ಲವೆಂಬ ಅರ್ಥ ಬರುವಂತೆ ತೀರ್ಪಿತ್ತಿದ್ದವು. 2012ನೆಯ ಇಸವಿಯಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದವರು ಕನ್ನಡಿಗರು ಎಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರಿಗೆ ಆಗ 86 ವರ್ಷ ವಯಸ್ಸು. ಆಗಿನ್ನೂ ಆಧಾರಿಗೆ ಕಾನೂನಿನ ಆಸರೆಯೇ ಇರಲಿಲ್ಲ. ಸಂಸತ್ತು ಕಾನೂನು ಮಾಡದೆ ಜನರ ಬೆರಳಚ್ಚುಗಳನ್ನೂ ಕಣ್ಣಿನ ಪಾಪೆಯ ಚಿತ್ರಗಳನ್ನೂ ಸಂಗ್ರಹಿಸುವುದು ಸರಿಯೇ ಎಂಬುದು ಅವರ ಪ್ರಶ್ನೆ.

2017ನೆಯ ಇಸವಿಯ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಕ್ಕೊರಲಿನಿಂದ ಉತ್ತರ ಕೊಟ್ಟಿತು: ಖಾಸಗಿತನವು ಮೂಲಭೂತ ಹಕ್ಕು. ಬದುಕುವ ಹಕ್ಕಿನಲ್ಲಿಯೂ ಸ್ವಾತಂತ್ರ್ಯದ ಹಕ್ಕಿನಲ್ಲಿಯೂ ಅದು ಅಡಗಿದೆ. ಹಾಗೆಂದು ಅದು ಎಲ್ಲೆಯಿಲ್ಲದ ಹಕ್ಕಲ್ಲ. ಸರಕಾರವು ಅದರೊಳಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು. ಆ ಕಾನೂನಿಗೆ ನ್ಯಾಯವಾದ ಉದ್ದೇಶವಿರಬೇಕು. ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ಕೈ ಚಾಚಬಾರದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಿಂದಲೇ ಆ ತೀರ್ಪು ಇಂದು ಪ್ರಸಿದ್ಧವಾಗಿದೆ.

ಈ ಎಲ್ಲೆಯ ಪ್ರಶ್ನೆ ಎಷ್ಟು ಕಠಿನವಾದುದೆಂಬುದಕ್ಕೆ ನೆರೆಯ ಗೋವೆಯ ಒಂದು ಪ್ರಕರಣವನ್ನು ಉದಾಹರಿಸಬಹುದು. 2013ರಲ್ಲಿ ವಾಸ್ಕೋ ಪಟ್ಟಣದಲ್ಲಿ ಒಂದು ಎಳೆಯ ಮಗುವಿನ ಮೇಲೆ ಘೋರವಾದ ಅಪರಾಧ ನಡೆಯಿತು. ತನಿಖೆ ನಡೆಸುತ್ತಿದ್ದ ಸಿ.ಬಿ.ಐ.ಯವರಿಗೆ ಅಪರಾಧಿ ಸಿಕ್ಕಿರಲಿಲ್ಲ. ಗೋವೆಯಲ್ಲಿ ಆಧಾರ್ ಪಡೆದವರ ಬೆರಳಚ್ಚುಗಳನ್ನು ತಮಗೆ ಒಪ್ಪಿಸಬೇಕೆಂದು ಅವರು ಕೋರಿದರು. ಕೆಳಗಿನ ನ್ಯಾಯಾಲಯವು ಅದಕ್ಕೆ ಒಪ್ಪಿ ಆಜ್ಞೆ ಮಾಡಿತು. ಪ್ರಾಧಿಕಾರವು ಒಪ್ಪದೆ ಸರ್ವೋಚ್ಚ ನ್ಯಾಯಾಲಯದ ವರೆಗೂ ಹೋಯಿತು. 2014ನೆಯ ಇಸವಿಯ ಮಾರ್ಚ್ 24ರಂದು ಆ ನ್ಯಾಯಾಲಯವು, ಸಂಖ್ಯೆಯ ಒಡೆಯನ ಲಿಖಿತ ಸಮ್ಮತಿಯಿಲ್ಲದೆ ಅವನ ಬೆರಳಚ್ಚು ಮೊದಲಾದ ದೇಹಚಿಹ್ನೆಗಳನ್ನು ಬೇರೆ ಯಾವ ಸಂಸ್ಥೆಗೂ ಕೊಡಕೂಡದೆಂದು ತಡೆಯಾಜ್ಞೆ ನೀಡಿತು.

ಈ ಆಜ್ಞೆಯನ್ನು ಕೇಳಿದವರಿಗೆ ಮನಸ್ಸಿನಲ್ಲಿ ತಳಮಳವಾಗುವುದು ಸಹಜ. ಒಂದು ಮಗುವಿಗೆ ನ್ಯಾಯ ದೊರಕಿಸುವುದಕ್ಕಿಂತ ಗೋಪ್ಯವು ದೊಡ್ಡದೇ? ನಾವೂ ಈ ಪ್ರಶ್ನೆಯನ್ನು ನಮ್ಮೊಳಗೆ ಹಲವು ಸಲ ಕೇಳಿಕೊಂಡಿದ್ದೇವೆ. ನಮಗೆ ತೋರಿದ ಉತ್ತರವಿದು: ಒಬ್ಬನ ಮೇಲೆ ಸಂಶಯವಿದ್ದರೆ ಅವನ ಬೆರಳಚ್ಚನ್ನು ಕಾನೂನಿನ ಪ್ರಕಾರ ತೆಗೆದುಕೊಳ್ಳಲು ದಾರಿಯುಂಟು. ಆದರೆ ಯಾವ ಸಂಶಯವೂ ಇಲ್ಲದ ಲಕ್ಷಾಂತರ ಜನರನ್ನು ಒಮ್ಮೆಗೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿ ಹುಡುಕುವುದು ಬೇರೆ ಮಾತು. ಅವರು ಬೆರಳನ್ನು ಒತ್ತಿದ್ದು ಪಡಿತರಕ್ಕಾಗಿ, ಪಿಂಚಣಿಗಾಗಿ. ಒಂದು ಕಾರ್ಯಕ್ಕೆಂದು ಪಡೆದುದನ್ನು ಹೇಳದೆ ಕೇಳದೆ ಇನ್ನೊಂದು ಕಾರ್ಯಕ್ಕೆ ಬಳಸಿದರೆ ನಂಬಿಕೆ ಉಳಿಯದು. ಮೇಲಾಗಿ ಅಷ್ಟೊಂದು ಗುರುತುಗಳಲ್ಲಿ ಹೋಲಿಕೆ ಹುಡುಕುವಾಗ ನಿರಪರಾಧಿಯೊಬ್ಬನ ಬೆರಳು ಹೋಲಿ ಅವನು ಸಿಕ್ಕಿಬೀಳುವ ಭಯವೂ ಇಲ್ಲದಿಲ್ಲ.

ಹಾಗಾದರೆ ಈಗ ಈ ಭಂಡಾರವನ್ನು ಕಾನೂನಿನ ಮೇರೆಗೆ ಯಾರು ನೋಡಬಹುದು? 2018ನೆಯ ಇಸವಿಯ ಸೆಪ್ಟೆಂಬರ್ 26ರ ತೀರ್ಪನ್ನೂ 2019ರ ತಿದ್ದುಪಡಿಯನ್ನೂ ಸೇರಿಸಿ ಓದಿದರೆ ವ್ಯವಸ್ಥೆ ಹೀಗಿದೆ. ಬೆರಳಚ್ಚನ್ನೂ ಕಣ್ಣಿನ ಪಾಪೆಯ ಚಿತ್ರವನ್ನೂ ಯಾರೊಡನೆಯೂ ಹಂಚಿಕೊಳ್ಳತಕ್ಕದ್ದಲ್ಲವೆಂಬುದು ಸಾಮಾನ್ಯ ನಿಯಮ. ಉಳಿದ ವಿವರಗಳನ್ನು ಕೊಡಬೇಕಾದರೆ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳ ಆಜ್ಞೆ ಬೇಕು. ಆಜ್ಞೆಗೆ ಮುಂಚೆ ಪ್ರಾಧಿಕಾರದ ಮಾತನ್ನೂ, ಸಂಖ್ಯೆಯ ಒಡೆಯನ ಮಾತನ್ನೂ ಕೇಳಬೇಕು. ರಾಷ್ಟ್ರದ ಭದ್ರತೆಯ ಪ್ರಶ್ನೆ ಬಂದಾಗ ಮಾತ್ರ ಕೇಂದ್ರ ಸರಕಾರದ ಕಾರ್ಯದರ್ಶಿ ದರ್ಜೆಯ ಅಧಿಕಾರಿಯು ನಿರ್ದೇಶನ ಕೊಡಬಹುದು. ಅದನ್ನು ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯ ಸಮಿತಿ ಪರಿಶೀಲಿಸಬೇಕು. ಅದರ ಅವಧಿ ಮೂರು ತಿಂಗಳು. ಇಂತಹ ನಿರ್ಣಯದಲ್ಲಿ ನ್ಯಾಯಾಧಿಕಾರಿಯೊಬ್ಬರೂ ಇರಬೇಕೆಂದು ನ್ಯಾಯಾಲಯವು 2018ರಲ್ಲಿ ಸೂಚಿಸಿದ್ದರೂ ತಿದ್ದುಪಡಿಯಲ್ಲಿ ಅಧಿಕಾರಿಯ ದರ್ಜೆ ಮಾತ್ರ ಏರಿತು. ನ್ಯಾಯಾಧಿಕಾರಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ. ಈ ಲೋಪವನ್ನು ನಾವು ಮರೆಮಾಚುವುದಿಲ್ಲ. ಅದು ಏನೇ ಇರಲಿ, ಠಾಣೆಯ ಅಧಿಕಾರಿಯೊಬ್ಬರು ಪ್ರಾಧಿಕಾರಕ್ಕೆ ಪತ್ರ ಬರೆದ ಮಾತ್ರಕ್ಕೆ ನಮ್ಮ ವಿವರಗಳು ಅವರಿಗೆ ಸಿಕ್ಕುವುದಿಲ್ಲವೆಂಬುದು ನಿಶ್ಚಯ.

ಭಂಡಾರದ ಮಾತು ಹೀಗಾಯಿತು. ದಿನದಿನದ ವ್ಯವಹಾರದಲ್ಲಿ ನಮ್ಮ ಬಳಿಗೆ ಬಂದು ಕೇಳುವವರ ವಿಷಯವೇನು? ಸರಕಾರದ ಸಹಾಯಧನ, ಪಡಿತರ ಮೊದಲಾದವಕ್ಕೆ ಆಧಾರ್ ಕೇಳುವುದನ್ನೂ, ಆದಾಯ ತೆರಿಗೆಯ ಸಂಖ್ಯೆಗೆ ಅದನ್ನು ಜೋಡಿಸುವುದನ್ನೂ 2018ರ ತೀರ್ಪು ಎತ್ತಿಹಿಡಿದಿದೆ. ಐವರಲ್ಲಿ ನಾಲ್ವರ ಮತ ಅದು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು ಭಿನ್ನಮತ ಬರೆದರು. ಬ್ಯಾಂಕಿನ ಖಾತೆ ತೆರೆಯಲು, ದೂರವಾಣಿಯ ಸಿಮ್ ಪಡೆಯಲು ಆಧಾರ್ ಒಂದೇ ದಾರಿಯಲ್ಲ. ಬೇರೆ ಗುರುತಿನ ಪತ್ರಗಳನ್ನೂ ಕೊಡಬಹುದು. ಶಾಲೆಯ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಅದೇ ತೀರ್ಪು ಹೇಳಿದೆ. ಸಂಖ್ಯೆಯಿಲ್ಲವೆಂಬ ಕಾರಣದಿಂದ ಯಾವ ಮಗುವಿಗೂ ಸಲ್ಲಬೇಕಾದ ಸೌಲಭ್ಯವನ್ನು ನಿರಾಕರಿಸುವಂತಿಲ್ಲ. ತಾಯಿತಂದೆಗಳ ಸಮ್ಮತಿಯ ಮೇಲೆ ಬಾಲ್ಯದಲ್ಲಿ ಸಂಖ್ಯೆ ಪಡೆದವರು ಹದಿನೆಂಟು ತುಂಬಿದ ಆರು ತಿಂಗಳೊಳಗೆ ಬೇಡವೆಂದು ಅದನ್ನು ರದ್ದುಪಡಿಸಿಕೊಳ್ಳಲೂಬಹುದು. ವಿದ್ಯಾರ್ಥಿಗಳಿಗೆ ಈಗ ಕೊಡುತ್ತಿರುವ ‘ಅಪಾರ್’ ಎಂಬ ಹನ್ನೆರಡು ಅಂಕೆಗಳ ಸಂಖ್ಯೆಯೂ ತಾಯಿತಂದೆಗಳ ಸಮ್ಮತಿಯ ಮೇಲೆ ನಿಂತದ್ದು. ಸಮ್ಮತಿಪತ್ರವನ್ನು ಓದದೆ ರುಜು ಹಾಕಬಾರದು.

ಕಾನೂನು ಇಷ್ಟಿದ್ದರೂ ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಯುಂಟು. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸತಕ್ಕದ್ದಲ್ಲವೆಂದು 2016ರ ಕಾನೂನು ಹೇಳಿದ್ದರೂ, ಕೇಂದ್ರದ ಮತ್ತು ರಾಜ್ಯಗಳ ಇಲಾಖೆಗಳೂ ಶಿಕ್ಷಣ ಸಂಸ್ಥೆಗಳೂ ಸೇರಿ ಸುಮಾರು 210 ಜಾಲತಾಣಗಳು ಫಲಾನುಭವಿಗಳ ಹೆಸರು, ವಿಳಾಸ, ಆಧಾರ್ ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದವೆಂದು ಸರಕಾರವೇ 2017ರಲ್ಲಿ ಸಂಸತ್ತಿಗೆ ತಿಳಿಸಿತು. ಆಮೇಲೆ ಅವನ್ನು ತೆಗೆಸಲಾಯಿತು. ಇದರಲ್ಲಿ ದುರುದ್ದೇಶಕ್ಕಿಂತ ಅಜಾಗ್ರತೆಯೇ ಹೆಚ್ಚು. ಆದರೆ ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುವಂತೆ, ಒಮ್ಮೆ ಹೊರಬಿದ್ದ ಸಂಖ್ಯೆಯನ್ನು ಮತ್ತೆ ಒಳಕ್ಕೆ ಕರೆದುಕೊಳ್ಳುವುದು ಅಸಾಧ್ಯ.

ಸಂಖ್ಯೆಯೊಂದೇ ಕಳ್ಳನ ಕೈಗೆ ಸಿಕ್ಕಿದರೆ ಹಣ ಹೋಗುವುದಿಲ್ಲ, ವೃಥಾ ಹೆದರಬೇಕಾದುದಿಲ್ಲ. ಅದರೊಡನೆ ಬೆರಳಿನ ಗುರುತೂ ಬ್ಯಾಂಕಿನ ಹೆಸರೂ ಸೇರಿದಾಗಲೇ ಅಪಾಯ. ಬೆರಳನ್ನೊತ್ತಿ ಹಳ್ಳಿಯಲ್ಲಿಯೇ ಹಣ ಪಡೆಯುವ ಅನುಕೂಲ ನಮ್ಮ ಮುದುಕರಿಗೆ ದೊಡ್ಡ ಉಪಕಾರವಾಗಿದೆ. ಆದರೆ ಕಾಗದಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಆ ದಾರಿಯಿಂದಲೇ ಹಣ ದೋಚಿದ ಪ್ರಕರಣಗಳೂ ಪೋಲೀಸರ ಮುಂದೆ ಬಂದಿವೆ. ಗುಪ್ತಪದವು ಬಯಲಾದರೆ ಬದಲಿಸಬಹುದು, ಬೀಗದ ಕೈ ಕಳೆದರೆ ಹೊಸದನ್ನು ಮಾಡಿಸಬಹುದು, ಆದರೆ ಹೆಬ್ಬೆರಳನ್ನು ಬದಲಿಸುವುದು ಹೇಗೆ? ಜಾತ್ರೆಯ ಪೊಟ್ಟಣವನ್ನು ಕಂಡು ನಾವು ನಡುಗಿದ್ದು ಇದಕ್ಕಾಗಿಯೇ.

ಆದುದರಿಂದ ಮನೆಮನೆಯಲ್ಲಿಯೂ ಮಾಡಬಹುದಾದ ಕೆಲವು ಕಾರ್ಯಗಳನ್ನು ಹೇಳುತ್ತೇವೆ. ಮೊದಲನೆಯದಾಗಿ, ಪ್ರತಿ ಕೊಡಲೇಬೇಕಾದಾಗ ಕಡೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಮುಸುಕಿನ ಆಧಾರನ್ನು ಕೊಡಬಹುದು. ಪ್ರಾಧಿಕಾರದ ತಾಣದಿಂದಲೇ ಅದನ್ನು ಪಡೆಯಬಹುದು. ಕೊಡುವ ಪ್ರತಿಯ ಮೇಲೆ ಯಾರಿಗೆ, ಯಾವ ಕಾರ್ಯಕ್ಕೆ, ಯಾವ ದಿನ ಕೊಟ್ಟದ್ದೆಂದು ಅಡ್ಡವಾಗಿ ಬರೆಯುವುದು ಒಳ್ಳೆಯದು. ಎರಡನೆಯದಾಗಿ, 2018ರಿಂದ ಹದಿನಾರು ಅಂಕೆಗಳ ಬದಲಿ ಸಂಖ್ಯೆಯ ಸೌಕರ್ಯವುಂಟು. ಬೇಕೆಂದಾಗ ಅದನ್ನು ಬದಲಿಸಬಹುದು. ಅದರಿಂದ ಮೂಲಸಂಖ್ಯೆಯನ್ನು ಊಹಿಸಲು ಬಾರದು. ಮೂರನೆಯದಾಗಿ, ಬೆರಳು ಮತ್ತು ಕಣ್ಣಿನ ಗುರುತುಗಳಿಗೆ ಬೀಗ ಹಾಕಿ, ಬೇಕಾದಾಗ ಮಾತ್ರ ತೆರೆಯುವ ವ್ಯವಸ್ಥೆಯೂ ಇದೆ. ನಾಲ್ಕನೆಯದಾಗಿ, ನಮ್ಮ ಸಂಖ್ಯೆಯನ್ನು ಯಾವಾಗ ಯಾರು ಪರೀಕ್ಷಿಸಿದರೆಂಬ ಪಟ್ಟಿಯನ್ನು ನಾವೇ ನೋಡಬಹುದು. ಸಂಶಯ ಬಂದರೆ 1947 ಎಂಬ ದೂರವಾಣಿ ಸಂಖ್ಯೆಗೆ ತಿಳಿಸಬಹುದು. ದೇಶವು ಸ್ವತಂತ್ರವಾದ ಇಸವಿಯೇ ಆ ಸಂಖ್ಯೆ. ಮರೆಯುವ ಹಾಗಿಲ್ಲ. ಐದನೆಯದಾಗಿ, ದೂರವಾಣಿಗೆ ಬರುವ ಓ.ಟಿ.ಪಿ. ಎಂಬ ಗುಪ್ತ ಅಂಕೆಗಳನ್ನು ಅಧಿಕಾರಿಯೆಂದು ಹೇಳಿಕೊಂಡು ಕೇಳುವವರಿಗೂ ಹೇಳಬಾರದು. ನಮ್ಮ ವಿವರಗಳನ್ನು ಯಾರಾದರೂ ಉದ್ದೇಶಪೂರ್ವಕವಾಗಿ ಬಯಲು ಮಾಡಿದರೆ, 2019ರ ತಿದ್ದುಪಡಿಯಿಂದೀಚೆಗೆ ನಾವೇ ನ್ಯಾಯಾಲಯಕ್ಕೆ ದೂರು ಕೊಡಲು ಅವಕಾಶವಿದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಊರುಗಳಲ್ಲಿ ಅನೇಕ ಮನೆಗಳ ಹಿರಿಯರು ಕನ್ನಡವನ್ನಷ್ಟೇ ಬಲ್ಲವರು. ಕೆಲವರಿಗೆ ಅದರ ಅಕ್ಷರವೂ ತಿಳಿಯದು. ಕಚೇರಿಯ ಅರ್ಜಿಗಳಾದರೋ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಅರ್ಥವಾಗದ ಕಾಗದವನ್ನು ಕಂಡಾಗ ಹಿರಿಯರು ಸಂಕೋಚಪಟ್ಟು, ಕೇಳಿದುದನ್ನೆಲ್ಲ ಕೊಟ್ಟು, ತೋರಿಸಿದಲ್ಲಿ ಬೆರಳನ್ನೊತ್ತಿ ಬಂದುಬಿಡುತ್ತಾರೆ. ಆ ಕಾಗದವನ್ನು ಓದಿ ಅವರಿಗೆ ಅವರ ನುಡಿಯಲ್ಲಿ ತಿಳಿಯಹೇಳಬಲ್ಲವರು ನೀವು. ಕಡ್ಡಾಯವೇ, ಯಾವ ಕಾನೂನಿನಿಂದ, ಏತಕ್ಕಾಗಿ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಅವರ ಪರವಾಗಿ ಕೇಳಿರಿ. ಕೇಳುವುದು ಉದ್ಧಟತನವಲ್ಲ. ನ್ಯಾಯವಾಗಿ ಕೇಳುವ ಅಧಿಕಾರಿಗೆ ಉತ್ತರ ಹೇಳಲು ಕಷ್ಟವೇನೂ ಇರುವುದಿಲ್ಲ. ನಮ್ಮ ಶಾಲೆಯೂ ಈ ನಿಯಮಕ್ಕೆ ಹೊರತಲ್ಲ. ನಾವು ನಿಮ್ಮಿಂದ ಇಂತಹ ಪತ್ರವನ್ನು ಕೇಳಿದಾಗ ಅದೇ ಮೂರು ಪ್ರಶ್ನೆಗಳನ್ನು ನಮಗೂ ಹಾಕಬಹುದು. ಉತ್ತರ ಕೊಡಲು ನಾವು ಬದ್ಧರಾಗಿದ್ದೇವೆ.